ಮಳೆಗಾಲಕ್ಕೆ ಯಾವ ಪುಸ್ತಕ ತರಲಿ? ಓದಿದವರು ಹೇಳಿ

ಸೋಮವಾರಪೇಟೆ ಕಡೆಯಿಂದ:
ಜುಲೈ ಬಂದರೆ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಕಾಲೇಜು ಮುಗಿದ ಮೇಲೆ ಓದುವುದು ನಿಂತೇ ಹೋಗಿದೆ. ಈ ಸಲ ನಾಲ್ಕೈದು ಪುಸ್ತಕ ತಂದಿಟ್ಟುಕೊಳ್ಳೋಣ ಅಂತಿದ್ದೇನೆ. ಕಾದಂಬರಿ, ಸಣ್ಣಕತೆ, ಯಾವುದಾದರೂ ಸರಿ. ಎಲ್ಲರೂ ಹೊಗಳುವ ಪುಸ್ತಕಗಳಲ್ಲಿ ನೀವು ನಿಜವಾಗಿ ಇಷ್ಟಪಟ್ಟು ಮುಗಿಸಿದ್ದು ಯಾವುದು?

ವಿರಾಜಪೇಟೆಯಿಂದ:
ಅಕ್ಕ, ಓದು ಬಿಟ್ಟು ತುಂಬಾ ಕಾಲ ಆಗಿದ್ದರೆ ದಪ್ಪ ಪುಸ್ತಕಕ್ಕೆ ಮೊದಲು ಕೈ ಹಾಕಬೇಡಿ. ತೇಜಸ್ವಿಯವರ ‘ಕರ್ವಾಲೊ’ ತನ್ನಿ. 1980ರದ್ದು, ಮೂಡಿಗೆರೆ ಕಡೆಯ ಕತೆ, ಆದರೂ ನಮ್ಮ ಪಕ್ಕದ ತೋಟದಲ್ಲೇ ನಡೆದ ಹಾಗಿದೆ. ಅದರಲ್ಲಿ ಮಂದಣ್ಣ ಅಂತ ಒಬ್ಬನಿದ್ದಾನೆ. ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದವನು, ವಿಜ್ಞಾನಿ ಕರ್ವಾಲೊ ಕಣ್ಣಿಗೆ ಕಾಡನ್ನು ಬಲ್ಲವನು. ಅಂಥವನೊಬ್ಬ ನಮ್ಮ ತೋಟದ ಕೆಲಸದವರ ಲೈನ್‌ಮನೆಯಲ್ಲೂ ಇದ್ದಾನೆ, ಯಾವ ಮರದಲ್ಲಿ ಹೆಜ್ಜೇನು ಕಟ್ಟಿದೆ ಅಂತ ಗೊತ್ತು, ತನ್ನ ರೇಷನ್ ಕಾರ್ಡ್ ಎಲ್ಲಿದೆ ಅಂತ ಗೊತ್ತಿಲ್ಲ. ಹಾರುವ ಓತಿ ಹುಡುಕಿಕೊಂಡು ಹೊರಡುವ ಕೊನೆಯ ಭಾಗಕ್ಕೆ ಬಂದ ಮೇಲೆ ಮಾತ್ರ ಮಧ್ಯೆ ಎದ್ದು ಹೋಗಬೇಡಿ.

ಆಮೇಲೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಕಷ್ಟದಲ್ಲಿ ಒಟ್ಟಿಗಿದ್ದ ಮನೆ, ಚಿಕ್ಕಪ್ಪನ ಮಸಾಲೆ ವ್ಯಾಪಾರದ ದುಡ್ಡು ಬಂದ ಮೇಲೆ ಏನಾಯಿತು ಅಂತ. ಹಳೇ ಮನೆಯಲ್ಲಿ ಇರುವೆ ಕೊಲ್ಲುವ ಭಾಗಕ್ಕೆ ಮೊದಲು ನಗು ಬಂತು, ಆಮೇಲೆ ಹೆದರಿಕೆ ಆಯಿತು. ಕೊನೆ ಇಷ್ಟೇನಾ ಅಂತ ನನ್ನ ತಂಗಿ ಪುಟ ತಿರುಗಿಸಿ ನೋಡಿದಳು. ನನಗೆ ಹಿಡಿಸಿದ್ದೇ ಅದು.

ಭೈರಪ್ಪನವರ ‘ಪರ್ವ’ ಆಗಸ್ಟಿಗಿರಲಿ. ಮಹಾಭಾರತದಿಂದ ಪವಾಡ ಎಲ್ಲ ತೆಗೆದು ಬರೀ ಮನುಷ್ಯರನ್ನು ಉಳಿಸಿಕೊಂಡಿದ್ದಾರೆ, ಆ ಧೈರ್ಯಕ್ಕೇ ಓದಬೇಕು. ಆದರೆ ಶಲ್ಯನ ಮನೆಯಲ್ಲಿ ಶುರುವಾಗುವ ಕತೆ ಕುದುರುವುದಕ್ಕೆ ಟೈಮ್ ಬೇಕು. ಕುಂತಿ, ದ್ರೌಪದಿ ಹಳೆಯದನ್ನೆಲ್ಲ ನೆನೆಯುತ್ತಾ ಕೂರುವ ಕಡೆ ಬಂದರೆ ಮತ್ತೆ ಕೆಳಗಿಡುವುದು ಕಷ್ಟ.

ಮಡಿಕೇರಿಯಿಂದ:
ಕೊಡಗಲ್ಲಿದ್ದು ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಬಿಟ್ಟರೆ ಹೇಗೆ? ಕೊಡಗಿನ ಕೊನೆಯ ಅರಸನ ಮೇಲೆ ಬರೆದ 1956ರ ಕಾದಂಬರಿ. ಇತಿಹಾಸ ಅಂತ ಓದಿದರೆ ಮನೆಯಲ್ಲಿ ಜಗಳ ಗ್ಯಾರಂಟಿ, ನಮ್ಮಲ್ಲಿ ಆಗಿದೆ. 1834ರಲ್ಲಿ ಕೊಡಗು ಕಂಪನಿಯವರ ಕೈಗೆ ಹೋದದ್ದು ನಿಜ, ಅರಸನ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಮಾಸ್ತಿಯವರು ಕಟ್ಟಿದ್ದು. ನನಗಂತೂ ಅರಸನಿಗಿಂತ ಕುಂಟ ಬಸವನೇ ಜಾಸ್ತಿ ಕಾಡಿದ್ದು. ಅರಸನ ಕೆಟ್ಟ ಕೆಲಸಕ್ಕೆಲ್ಲ ಜೊತೆಗಿರುವವನು, ಆದರೂ ಅವನ ಮೇಲೆ ಪೂರ್ತಿ ಸಿಟ್ಟು ಬರುವುದಿಲ್ಲ. ಮುಗಿಸಿದ ಮೇಲೆ ಕಕ್ಕಬ್ಬೆಯ ನಾಲ್ಕುನಾಡು ಅರಮನೆಗೆ ಒಮ್ಮೆ ಹೋಗಿ ಬನ್ನಿ. ಮಳೆ ಬಿಟ್ಟ ಮೇಲೆ, ಈಗಲ್ಲ, ಜಿಗಣೆ ಬಿಡುವುದಿಲ್ಲ.

ಸುಂಟಿಕೊಪ್ಪದಿಂದ:
ಕೊಡಗಿನ ಗೌರಮ್ಮನವರನ್ನು ಎಲ್ಲರೂ ಮರೆತಿರಲ್ಲಾ! 1939ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 27. ‘ಕಂಬನಿ’, ‘ಚಿಗುರು’ ಅಂತ ಎರಡು ಕಥಾಸಂಕಲನ. ವಿಧವೆಯರ ಪಾಡು, ವರದಕ್ಷಿಣೆ, ಆಗ ಯಾರೂ ಬಾಯಿ ಬಿಟ್ಟು ಆಡದ ಮಾತನ್ನೆಲ್ಲ ಪಕ್ಕದ ಮನೆ ಸುದ್ದಿ ಹೇಳಿದ ಹಾಗೆ ಬರೆದಿದ್ದಾರೆ. ಕೆಲವು ಕತೆಗಳ ಕೊನೆ ಮೊದಲೇ ಗೊತ್ತಾಗುತ್ತದೆ, ಅದೂ ನಿಜ. ಆದರೆ ‘ವಾಣಿಯ ಸಮಸ್ಯೆ’ ಓದಿ ನೋಡಿ, ಆಮೇಲೆ ಮಾತಾಡೋಣ.

ಹಾಗೇ ಬಾನು ಮುಷ್ತಾಕ್. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತಲ್ವಾ, ಆ ಕತೆಗಳನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ನಮ್ಮ ಮಡಿಕೇರಿಯವರೇ. ಗೌರಮ್ಮನವರ ಕತೆಗಳನ್ನೂ ಅವರು ಇಂಗ್ಲಿಷಿಗೆ ತಂದಿದ್ದಾರೆ. ನೀವು ಸುಮ್ನೆ ಕನ್ನಡದಲ್ಲೇ ಓದಿ. ದಿನಕ್ಕೊಂದು ಕತೆ ಸಾಕು, ಒಂದರ ಹಿಂದೆ ಒಂದು ಓದಿದರೆ ಮನಸ್ಸು ಭಾರ ಆಗುತ್ತದೆ.

ಕುಶಾಲನಗರದಿಂದ:
ಕತೆ ಬೇಡ ಅನ್ನಿಸಿದ ದಿನಕ್ಕೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಗಿಡಮರದ ಪುಸ್ತಕ ಅಂತ ಹೆದರಬೇಡಿ, ಹುಡುಗರನ್ನು ಕಟ್ಟಿಕೊಂಡು ಕಾಡು ಸುತ್ತುವ ಮೇಷ್ಟ್ರ ತಮಾಷೆಯೇ ಜಾಸ್ತಿ. ಡಿವಿಜಿಯವರ ಕಗ್ಗದಲ್ಲಿ 945 ಪದ್ಯ ಇದೆ. ದಿನಾ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಒಂದೊಂದು ಬರುತ್ತದಲ್ಲ, ಸದ್ಯಕ್ಕೆ ಅಷ್ಟು ಸಾಕು.

ಸೋಮವಾರಪೇಟೆ ಕಡೆಯಿಂದ:
ಎಲ್ಲರಿಗೂ ಥ್ಯಾಂಕ್ಸ್. ‘ಕರ್ವಾಲೊ’, ಗೌರಮ್ಮನವರ ಕತೆ ಮೊದಲು ತರಿಸುತ್ತೇನೆ. ಅಂದಹಾಗೆ ಈ ಮಳೆಯಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯದ ಹಾಗೆ ಎಲ್ಲಿಡುತ್ತೀರಿ?

ವಿರಾಜಪೇಟೆಯಿಂದ:
ಅಡುಗೆಮನೆ ಕಪಾಟಲ್ಲಿ, ಅಕ್ಕ. ಒಲೆಯ ಬಿಸಿಗೆ ಬೂಷ್ಟು ಬರುವುದಿಲ್ಲ. ಒಗ್ಗರಣೆ ವಾಸನೆ ಹಿಡಿಯುತ್ತದೆ, ಅದಕ್ಕೇನೂ ಮಾಡೋಕಾಗಲ್ಲ.