ಆರೂ ಇಪ್ಪತ್ತರ ಸಂದೇಶ: ಪೋಷಕರ ಫೋನ್ ಸರಪಳಿ ಕುರಿತು ಗುಂಪಿನಲ್ಲಿ ನಡೆದ ಚರ್ಚೆ

ಮನೆ 14, ರಾತ್ರಿ 11:52
ಪ್ರವಾಸಕ್ಕೆ ಹೋದ ಮಕ್ಕಳು ಸಂಜೆ ಆರಕ್ಕೆ ಮರಳಬೇಕಿತ್ತು, ಬಂದದ್ದು ಹತ್ತೂಮುಕ್ಕಾಲಿಗೆ. ಬಸ್ಸು ಕೆಟ್ಟಿದ್ದಕ್ಕೆ ನಾನು ಯಾರನ್ನೂ ದೂರುತ್ತಿಲ್ಲ. ಆದರೆ "ಬಸ್ಸು ಕೆಟ್ಟಿದೆ, ಮಕ್ಕಳು ಕ್ಷೇಮವಾಗಿದ್ದಾರೆ, ತಡವಾಗುತ್ತದೆ" ಎಂಬ ಸಂದೇಶ ಆರೂ ಇಪ್ಪತ್ತಕ್ಕೇ 'ಎ' ವಿಭಾಗದ ಗುಂಪಿಗೆ ಬಂದಿತ್ತೆಂಬುದು ನಮಗೆ ತಿಳಿದದ್ದು ಮಗಳು ಬಸ್ಸಿನಿಂದ ಇಳಿದ ಮೇಲೆ. ಅಲ್ಲಿಯವರೆಗೆ 'ಬಿ' ವಿಭಾಗದವರೆಲ್ಲ ಗೇಟಿನ ಬಳಿ ಕತ್ತಲಲ್ಲಿ ನಿಂತಿದ್ದೆವು. ನನ್ನ ಫೋನಿನಲ್ಲಿ ಶೇಕಡಾ 4ರಷ್ಟು ಚಾರ್ಜ್ ಉಳಿದಿತ್ತು. ಯಾರಾದರೂ ಕರೆ ಮಾಡಿಯಾರೆಂದು ಅದನ್ನು ಮುಟ್ಟದೆ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ. ಕಳೆದ ಮಳೆಗಾಲದಲ್ಲಿ ನಡೆದದ್ದೂ ಇದೇ, ಮತ್ತೆ ಹೇಳಬೇಕಾಗಿಲ್ಲ. ಶಾಲೆಯವರು ತಿಳಿಸುತ್ತಾರೆಂದು ಕಾದದ್ದು ಸಾಕು, ಪೋಷಕರೇ ಒಂದು ಫೋನ್ ಸರಪಳಿ ಮಾಡಿಕೊಳ್ಳೋಣ.

ಮನೆ 9, ರಾತ್ರಿ 11:58
ನಮಗೆ ಬಂದ ಸಂದೇಶ ಎರಡೂ ವಿಭಾಗಗಳಿಗೆ ಬಂದಿರುತ್ತದೆ ಎಂದುಕೊಂಡೆವು, ಮೇಡಂ. ಬೇಕೆಂದೇ ಮುಚ್ಚಿಟ್ಟವರಂತೆ ನಮ್ಮ ಕಡೆ ಬೊಟ್ಟು ಮಾಡುವುದು ಸರಿಯಲ್ಲ.

ಮನೆ 14, ರಾತ್ರಿ 11:59
ನಮ್ಮ ಮನೆಯ ಕಾಂಪೌಂಡಿಗೂ ನಿಮ್ಮ ಮನೆಯ ಕಾಂಪೌಂಡಿಗೂ ನಡುವೆ ಎಷ್ಟು ಹೆಜ್ಜೆ ಇದೆ ಎಂಬುದು ನಿಮಗೇ ಗೊತ್ತು.

ಮನೆ 3, ಬೆಳಿಗ್ಗೆ 6:10
ಹಿಂದಿನ ಮೂರು ಸಭೆಗಳಲ್ಲಿಯೂ ನಾನು ಇದನ್ನೇ ಹೇಳಿದ್ದೆ, ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪಟ್ಟಿ ನನ್ನ ಬಳಿ ಇರಲಿ. ಶಾಲೆಯವರು ನನಗೊಬ್ಬನಿಗೆ ತಿಳಿಸಿದರೆ ಸಾಕು, ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ.

ಮನೆ 22, ಬೆಳಿಗ್ಗೆ 7:05
ಒಬ್ಬರೇ ಎಲ್ಲರಿಗೂ ಕರೆ ಮಾಡಲು ಹೊರಟರೆ, ಕರೆಗೆ ಎರಡು ನಿಮಿಷವೆಂದರೂ 120 ಮನೆಗಳಿಗೆ ನಾಲ್ಕು ಗಂಟೆ ಬೇಕು, ಸರ್. ನಮಗೆ ಬೇಕಾದದ್ದು ಸರಪಳಿಗಿಂತ ಮರದಂಥ ಏರ್ಪಾಡು: ಮೊದಲನೆಯವರು ಮೂವರಿಗೆ ಕರೆ ಮಾಡುತ್ತಾರೆ, ಆ ಮೂವರಲ್ಲಿ ಪ್ರತಿಯೊಬ್ಬರೂ ಮತ್ತೆ ಮೂವರಿಗೆ. 3, 9, 27, 81 ಎಂದು ನಾಲ್ಕೇ ಸುತ್ತಿನಲ್ಲಿ 120 ಮನೆ ಮುಗಿಯುತ್ತದೆ. ಸುತ್ತಿಗೆ ಆರು ನಿಮಿಷವೆಂದರೆ ಅರ್ಧ ಗಂಟೆಯೊಳಗಿನ ಕೆಲಸ. ತೊಡಕಿರುವುದು ಬೇರೆ ಕಡೆ. ಮೊದಲ ಮೂವರಲ್ಲಿ ಒಬ್ಬರು ಫೋನ್ ಎತ್ತದಿದ್ದರೆ ಅವರನ್ನೂ ಸೇರಿಸಿ 40 ಮನೆಗಳಿಗೆ ಸುದ್ದಿಯೇ ಮುಟ್ಟುವುದಿಲ್ಲ. ಆದ್ದರಿಂದ ಯಾರು ಎತ್ತಲಿಲ್ಲವೋ ಅವರ ಕೆಳಗಿನ ಮೂವರಿಗೆ ಮೇಲಿನವರೇ ಕರೆ ಮಾಡಬೇಕೆಂಬ ನಿಯಮ ಮೊದಲೇ ಇರಬೇಕು.

ಮನೆ 17, ಬೆಳಿಗ್ಗೆ 7:20
ಮರವೇ ಆದರೆ ನನ್ನನ್ನು ದಯವಿಟ್ಟು ತುದಿಯ ಎಲೆಯಾಗಿ ಇರಿಸಿ. ಎಲೆಗೆ ಅಲುಗಾಡುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ.

ಮನೆ 22, ಬೆಳಿಗ್ಗೆ 7:26
ಲೆಕ್ಕದ ಪ್ರಕಾರ 81 ಮನೆಯವರು ಎಲೆಗಳೇ. ಆದರೆ ಪ್ರತಿ ಕೊಂಬೆಯ ಕೊನೆಯ ಎಲೆ ಮೊದಲನೆಯವರಿಗೆ ತಿರುಗಿ ಕರೆ ಮಾಡಿ, ತನಗೆ ತಲುಪಿದ ಮಾತನ್ನು ಇದ್ದಂತೆ ಒಪ್ಪಿಸಬೇಕು. ಇಲ್ಲವಾದರೆ ಸುದ್ದಿ ಎಲ್ಲಿ ನಿಂತಿತು, ಎಲ್ಲಿ ಬೇರೆ ರೂಪ ತಾಳಿತು ಎಂಬುದು ಯಾರಿಗೂ ತಿಳಿಯುವುದಿಲ್ಲ.

ಮನೆ 28, ಬೆಳಿಗ್ಗೆ 7:31
[ಹಲವು ಬಾರಿ ಫಾರ್ವರ್ಡ್ ಆಗಿದೆ] ಎಚ್ಚರಿಕೆ!! ಶಾಲಾ ಮಕ್ಕಳನ್ನು ಅಪಹರಿಸುವ ತಂಡ ಊರಿಗೆ ಬಂದಿದೆ!! ಎಲ್ಲರಿಗೂ ಕಳುಹಿಸಿ!!

ಮನೆ 22, ಬೆಳಿಗ್ಗೆ 7:34
ಇಂಥ ಸಂದೇಶಗಳ ಹಾವಳಿಗೆ ಬೇಸತ್ತೇ ವಾಟ್ಸಾಪ್‌ನವರು 2020ರಲ್ಲಿ ಇವುಗಳನ್ನು ಒಮ್ಮೆಗೆ ಒಂದೇ ಕಡೆ ಕಳುಹಿಸುವಂತೆ ಮಿತಿ ಹಾಕಿದರು. ಆದರೂ ಇದು ನಮ್ಮ ಗುಂಪಿನವರೆಗೆ ನಡೆದು ಬಂದಿದೆ. ಫೋನಿನಲ್ಲಿ ಹೇಳುವ ಮಾತೂ ಹೀಗೆಯೇ ಬೆಳೆಯುತ್ತದೆ. "ಬಸ್ಸು ಕೆಟ್ಟಿದೆ" ಎಂದು ಹೊರಟದ್ದು ನಾಲ್ಕನೆಯ ಸುತ್ತಿಗೆ "ಬಸ್ಸು ಮಗುಚಿದೆ" ಎಂದಾಗಬಾರದೆಂದರೆ, ಎರಡೇ ವಾಕ್ಯವನ್ನು ಬರೆದುಕೊಂಡು, ಕರೆ ಮಾಡಿದಾಗ ಅದನ್ನೇ ಓದಬೇಕು.

ಮನೆ 5, ಬೆಳಿಗ್ಗೆ 8:02
ಕ್ಷಮಿಸಿ, ಒಂದು ಸಂಶಯವಿದೆ. ಎಲ್ಲರಿಗೂ ಒಂದೇ ಗುಂಪಿನಲ್ಲಿ ಸಂದೇಶ ಹಾಕಿದರೆ ಸಾಲದೇ?

ಮನೆ 14, ಬೆಳಿಗ್ಗೆ 8:09
ಸಾಲದು. ಎರಡು ಗೆರೆ ಬಂದರೆ ಸಂದೇಶ ಫೋನಿಗೆ ತಲುಪಿದೆ ಎಂದಷ್ಟೇ ಅರ್ಥ, ಮನುಷ್ಯರಿಗೆ ತಲುಪಿದೆ ಎಂದಲ್ಲ. ಡೇಟಾ ಮುಗಿದವರಿಗೂ ಗುಂಪನ್ನು ಮ್ಯೂಟ್ ಮಾಡಿದವರಿಗೂ ಸುದ್ದಿ ತಿಳಿಯುವುದು ಮರುದಿನವೇ.

ಮನೆ 11, ಬೆಳಿಗ್ಗೆ 8:40
ನನ್ನ ಸಂಖ್ಯೆ 120 ಮನೆಗಳ ಕೈಗೆ ಹೋಗುವುದು ನನಗೆ ಇಷ್ಟವಿಲ್ಲ. ಹಿಂದೊಮ್ಮೆ ಇಂಥದೇ ಪಟ್ಟಿ ಹೊರಗೆ ಹೋಗಿ, ಟ್ಯೂಷನ್ ನಡೆಸುವವರೆಲ್ಲ ತಿಂಗಳುಗಟ್ಟಲೆ ನನಗೆ ಕರೆ ಮಾಡಿದರು.

ಮನೆ 22, ಬೆಳಿಗ್ಗೆ 8:48
ಪೂರ್ತಿ ಪಟ್ಟಿ ಇಬ್ಬರ ಬಳಿ ಮಾತ್ರ, ಅದೂ ಕಾಗದದ ಮೇಲೆ ಇರಲಿ. ಉಳಿದವರ ಬಳಿ ಮೊದಲನೆಯವರ, ಮೇಲಿನ ಒಬ್ಬರ, ಕೆಳಗಿನ ಮೂವರ, ಆ ಮೂವರ ಕೆಳಗಿನ ಒಂಬತ್ತು ಮಂದಿಯ ಸಂಖ್ಯೆ ಇದ್ದರೆ ಸಾಕು. ಆ ಒಂಬತ್ತನ್ನೂ ಕೊಡಬೇಡಿ ಎಂದರೆ, ಎತ್ತದವರನ್ನು ದಾಟಿ ಹೋಗುವ ದಾರಿ ಮುಚ್ಚುತ್ತದೆ.

ಮನೆ 3, ಬೆಳಿಗ್ಗೆ 9:15
ಇಬ್ಬರು ಎಂದರೆ ಯಾರು? ಯಾವ ಸಭೆಯಲ್ಲಿ ತೀರ್ಮಾನವಾಯಿತು? ಸಮಿತಿ ರಚನೆಯಾಗದೆ, ನಿರ್ಣಯ ಪುಸ್ತಕದಲ್ಲಿ ದಾಖಲಾಗದೆ ಸಂಖ್ಯೆಗಳನ್ನು ಸಂಗ್ರಹಿಸುವುದಕ್ಕೆ ನನ್ನ ಸ್ಪಷ್ಟ ವಿರೋಧವಿದೆ. ಅಷ್ಟಕ್ಕೂ ನಿನ್ನೆ ಪೋಷಕರು ಅಷ್ಟೊಂದು ಹೆದರಿದ್ದಕ್ಕೆ ಮೂಲ ಕಾರಣ ಗೇಟಿನ ಎದುರಿನ ದೀಪ ಉರಿಯದಿರುವುದು. ಅದರ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುತ್ತಿಲ್ಲ.

ಮನೆ 9, ಬೆಳಿಗ್ಗೆ 9:18
ಈ ಮಾತಿಗೆ ನನ್ನ ಪೂರ್ಣ ಸಹಮತವಿದೆ, ಸರ್.

ಮನೆ 28, ಬೆಳಿಗ್ಗೆ 9:20
ದೀಪ ಕೆಟ್ಟು ಎಷ್ಟೋ ದಿನವಾಯಿತು. ದೂರು ಕೊಡಲು ನಾನೂ ಬರುತ್ತೇನೆ.

ಮನೆ 3, ಬೆಳಿಗ್ಗೆ 9:41
ಭಾನುವಾರ ಬೆಳಿಗ್ಗೆ ಹತ್ತಕ್ಕೆ ಗೇಟಿನ ಬಳಿ ಎಲ್ಲರೂ ಸೇರೋಣ. ಮನವಿಯನ್ನು ನಾನು ಬರೆದು ತರುತ್ತೇನೆ, ಸಹಿ ಮಾಡಲು ಪೆನ್ನು ತನ್ನಿ. ಫೋನ್ ವಿಷಯವನ್ನು ಸಮಯ ಉಳಿದರೆ ನೋಡೋಣ.

ಮನೆ 14, ಮಧ್ಯಾಹ್ನ 1:30
ಸಮಿತಿಗಾಗಿ ನಾನು ಕಾಯುವುದಿಲ್ಲ. ನನ್ನ ಕೆಳಗಿನ ಮೂವರಾಗಿ 22, 5 ಮತ್ತು 31ನೇ ಮನೆಯವರನ್ನು ಬರೆದುಕೊಂಡು, ಈಗಷ್ಟೇ ಪರೀಕ್ಷೆಗೆಂದು ಕರೆ ಮಾಡಿದೆ. 22ರವರು ಎರಡನೆಯ ರಿಂಗಿಗೇ ಎತ್ತಿ, ನಾನು ಓದಿದ ವಾಕ್ಯವನ್ನು ತಿರುಗಿ ಓದಿ ಒಪ್ಪಿಸಿದರು. 5ನೇ ಮನೆಯವರೂ ಎತ್ತಿದರು. 31ನೇ ಮನೆಯವರೇ, ಇದನ್ನು ನೋಡಿದ ಕೂಡಲೇ ದಯವಿಟ್ಟು ನನಗೊಂದು ಕರೆ ಮಾಡಿ.

ಮನೆ 31, ಸಂಜೆ 7:44
ಈಗಷ್ಟೇ ಗುಂಪು ತೆರೆದೆ, ಮೇಲಿನದನ್ನೆಲ್ಲ ಓದಲು ಆಗಲಿಲ್ಲ. ದೀಪದ ಸಭೆ ಭಾನುವಾರ ಎಷ್ಟು ಗಂಟೆಗೆ?