ಮೆರಿಡಿಯನ್ ಎಕ್ಸ್‌ಚೇಂಜಿನ ಟರ್ಮಿನಲ್ ಪೋರ್ಟಿಗೆ ಮೋಡೆಮ್: ದೂರದಿಂದ ಲಾಗಿನ್ ಆಗುತ್ತಿಲ್ಲ

ಪ್ರಶ್ನೆ

ನಾನು ನೋಡಿಕೊಳ್ಳುವ ಕಾರ್ಖಾನೆಯೊಂದರಲ್ಲಿ ನಾರ್ಟೆಲ್ ಮೆರಿಡಿಯನ್ ಆಪ್ಷನ್ 11ಸಿ ಎಕ್ಸ್‌ಚೇಂಜ್ (ಒಳಗಿನ ಫೋನ್‌ಗಳನ್ನು ಜೋಡಿಸುವ ಯಂತ್ರ) ಇಂದಿಗೂ ಓಡುತ್ತಿದೆ. ಒಂದು ಎಕ್ಸ್‌ಟೆನ್ಷನ್ ಬದಲಿಸಬೇಕೆಂದರೂ ಅಲ್ಲಿಗೇ ಹೋಗಿ ಟರ್ಮಿನಲ್ ಮುಂದೆ ಕೂರಬೇಕಾಗಿರುವುದರಿಂದ, ಟರ್ಮಿನಲ್ ಜೋಡಿಸುವ ಅದರ ಟಿಟಿವೈ ಪೋರ್ಟಿಗೆ ಯುಎಸ್ ರೊಬೊಟಿಕ್ಸ್‌ನ ಹಳೆಯ ಎಕ್ಸ್‌ಟರ್ನಲ್ ಮೋಡೆಮ್ (ಫೋನ್ ಲೈನಿನಲ್ಲಿ ಡೇಟಾ ಸಾಗಿಸುವ ಪೆಟ್ಟಿಗೆ) ಜೋಡಿಸಿ, ಅದೇ ಎಕ್ಸ್‌ಚೇಂಜಿನ ಒಂದು ಅನಲಾಗ್ ಎಕ್ಸ್‌ಟೆನ್ಷನ್ ಕೊಟ್ಟಿದ್ದೇನೆ. ಪೋರ್ಟಿನ ವೇಗ ಸೆಕೆಂಡಿಗೆ 9600 ಬಿಟ್. ಮೋಡೆಮ್ ಅನ್ನು ಮೊದಲು ಲ್ಯಾಪ್‌ಟಾಪಿನಲ್ಲಿ 115200 ವೇಗದಲ್ಲಿ ಸಿದ್ಧಪಡಿಸಿದ್ದೆ. ಮನೆಯಿಂದ ಡಯಲ್ ಮಾಡಿದರೆ ಮೋಡೆಮ್ ಎತ್ತಿಕೊಳ್ಳುತ್ತದೆ, ಆದರೆ ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಸ್ಥಳಕ್ಕೆ ಹೋಗಿ ನೋಡಿದಾಗ, ಯಾವ ಕರೆಯೂ ಇಲ್ಲದಿದ್ದರೂ ಎಸ್‌ಡಿ (ಪೋರ್ಟಿನಿಂದ ಮೋಡೆಮ್‌ಗೆ ಬರುವ ಡೇಟಾ), ಆರ್‌ಡಿ (ಮೋಡೆಮ್‌ನಿಂದ ಪೋರ್ಟಿಗೆ ಹೋಗುವ ಡೇಟಾ) ದೀಪಗಳೆರಡೂ ಬಿಡದೆ ಮಿನುಗುತ್ತಿದ್ದವು. ದಯವಿಟ್ಟು ತಿಳಿದವರು ಹೇಳಿ.

ಉತ್ತರ 1

ಆ ಎರಡು ದೀಪಗಳೇ ಕಾರಣ ಹೇಳುತ್ತಿವೆ. ಕರೆ ಬಂದಾಗ ಮೋಡೆಮ್ ‘ರಿಂಗ್’ ಎಂದು ಪೋರ್ಟಿಗೆ ಕಳಿಸುತ್ತದೆ. ಎಕ್ಸ್‌ಚೇಂಜ್ ಅದನ್ನು ಯಾರೋ ಟೈಪ್ ಮಾಡಿದ್ದೆಂದು ತಿಳಿದು ಎಕೊ ಮಾಡುತ್ತದೆ, ಅಂದರೆ ಅದೇ ಅಕ್ಷರಗಳನ್ನು ಮರಳಿ ಕಳಿಸುತ್ತದೆ. ಮೋಡೆಮ್ ಆ ಎಕೊವನ್ನು ಮತ್ತೆ ಹಿಂದಿರುಗಿಸುತ್ತದೆ. ಹೀಗೆ ಎರಡೂ ತಮ್ಮತಮ್ಮಲ್ಲೇ ಮಾತಿಗೆ ಬಿದ್ದರೆ ನಿಮಗೆ ಪೋರ್ಟ್ ಸಿಗುವುದಿಲ್ಲ. ಅರ್ಥವಿಲ್ಲದ ಅಕ್ಷರಗಳಿಗೆ ಕಾರಣ ವೇಗದ ವ್ಯತ್ಯಾಸ: ಕೊನೆಯ ಎಟಿ ಕಮಾಂಡ್ (ಮೋಡೆಮ್‌ಗೆ ಕೊಡುವ ಆದೇಶ) ಯಾವ ವೇಗದಲ್ಲಿ ಬಂದಿತ್ತೋ ಅದನ್ನೇ ಮೋಡೆಮ್ ಹಿಡಿದುಕೊಂಡಿರುತ್ತದೆ. ಆದ್ದರಿಂದ ಲ್ಯಾಪ್‌ಟಾಪನ್ನು 9600ಕ್ಕೆ ಇಳಿಸಿ, ಎಟಿ&ಎಫ್0 ಕೊಟ್ಟು ಮೂಲ ಸೆಟ್ಟಿಂಗ್‌ಗೆ ತಂದ ಬಳಿಕ, &ಬಿ1, ಎಸ್0=1, ಇ0, ಕ್ಯೂ1, &ಡಬ್ಲ್ಯೂ ಇವನ್ನು ಎಟಿಯ ಮುಂದೆ ಒಂದೇ ಸಾಲಿನಲ್ಲಿ ಬರೆಯಿರಿ. ಇವು ಕ್ರಮವಾಗಿ ಪೋರ್ಟಿನ ವೇಗವನ್ನು ಸ್ಥಿರಗೊಳಿಸುವ, ಮೊದಲ ರಿಂಗಿಗೇ ಎತ್ತಿಕೊಳ್ಳುವ, ಎಕೊ ನಿಲ್ಲಿಸುವ, ‘ರಿಂಗ್’, ‘ಓಕೆ’ಯಂಥ ಉತ್ತರಗಳನ್ನು ನಿಲ್ಲಿಸುವ, ಎಲ್ಲವನ್ನೂ ಉಳಿಸಿಡುವ ಆದೇಶಗಳು. ಕ್ಯೂ1 ಜಾರಿಯಾದ ಮೇಲೆ ‘ಓಕೆ’ ಬರುವುದಿಲ್ಲ. ಅದನ್ನು ಕಂಡು ಗಾಬರಿಯಾಗಿ ಮತ್ತೆ ಮೊದಲಿನಿಂದ ಆರಂಭಿಸಬೇಡಿ.

ಉತ್ತರ 2

ಮೇಲಿನವರು ಹೇಳಿದ್ದು ಸರಿ, ಆದರೆ ಅಷ್ಟೇ ಸಾಲದು. ಈ ಮೋಡೆಮ್ ಕರೆಂಟ್ ಹೋಗಿ ಬಂದಾಗ ತನ್ನ ಮೈಮೇಲಿನ ಪುಟ್ಟ ಸ್ವಿಚ್‌ಗಳನ್ನೂ ಓದುತ್ತದೆ: 3 ರಿಸಲ್ಟ್ ಕೋಡಿನದು (‘ರಿಂಗ್’, ‘ಓಕೆ’ಯಂಥ ಉತ್ತರ), 4 ಎಕೊದ್ದು, 5 ಆಟೊ ಆನ್ಸರಿನದು (ಕರೆಯನ್ನು ತಾನೇ ಎತ್ತಿಕೊಳ್ಳುವುದು). ಅವುಗಳನ್ನೂ ಮೇಲಿನ ಕಮಾಂಡ್‌ಗಳಿಗೆ ಹೊಂದಿಸಿ. ಎಲ್ಲ ಸರಿಹೋಯಿತೆಂದು ಖಚಿತವಾದ ಮೇಲೆ, ಕಟ್ಟಕಡೆಗೆ, 8ನೆಯದರಿಂದ ಎಟಿ ಕಮಾಂಡ್‌ಗಳನ್ನೇ ನಿಲ್ಲಿಸಿಬಿಡಿ.

ಎಕ್ಸ್‌ಟೆನ್ಷನ್ ಲೈನ್ ಕೊಟ್ಟಿರುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ. ಎಕ್ಸ್‌ಚೇಂಜ್ ಕೆಟ್ಟ ದಿನವೇ ಮೋಡೆಮ್ ಬೇಕಾಗುವುದು, ಅಂದೇ ಅದರ ಲೈನೂ ಸತ್ತಿರುತ್ತದೆ. ಹೊರಗಿನ ನೇರ ಲೈನ್ ಹಾಕಿಸಿ. ಅದು ಫೈಬರ್ ಮೂಲಕ ಬರುವ ಲೈನಾದರೆ ಧ್ವನಿಯ ಕೋಡೆಕ್ (ಧ್ವನಿಯನ್ನು ಡಿಜಿಟಲ್ ಮಾಡುವ ವಿಧಾನ) ಜಿ.711 ಇರಬೇಕು, ಧ್ವನಿಯನ್ನು ಬಹಳ ಕುಗ್ಗಿಸುವ ಜಿ.729ರಲ್ಲಿ ಮೋಡೆಮ್ ದನಿ ದಾಟುವುದಿಲ್ಲ.

ಇನ್ನೊಂದು ಮಾತು: ಲೈನ್ ಕಡಿಯುವ ಮುನ್ನ ನಾಲ್ಕು ನಕ್ಷತ್ರ ಒತ್ತಿ ಓವರ್‌ಲೇಯಿಂದ (ಎಕ್ಸ್‌ಚೇಂಜಿನಲ್ಲಿ ತೆರೆದ ಪ್ರೋಗ್ರಾಮ್) ಹೊರಬಂದು, ‘ಲೋಗೊ’ ಕಮಾಂಡ್ ಕೊಟ್ಟು ಲಾಗೌಟ್ ಆಗಿ. ಇಲ್ಲದಿದ್ದರೆ ನೀವು ತೆರೆದಿಟ್ಟ ಸೆಷನ್ ಮುಂದೆ ಡಯಲ್ ಮಾಡಿದವರ ಕೈಗೆ, ಪಾಸ್‌ವರ್ಡ್ ಕೇಳದೆಯೇ, ಸಿಕ್ಕಬಹುದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಾಲ್ಕನೆಯ ಸ್ವಿಚ್ ಎಕೊ ಕಡೆಗೇ ಇತ್ತು. ಸರಿಪಡಿಸಿ ಡಯಲ್ ಮಾಡಿ ‘ಲೋಗಿ’ (ಲಾಗಿನ್ ಕಮಾಂಡ್) ಎಂದೊಡನೆ ಪಾಸ್‌ವರ್ಡ್ ಕೇಳಿತು. ನೇರ ಲೈನಿಗೆ ಅರ್ಜಿ ಕೊಟ್ಟಿದ್ದೇನೆ. ಅಲ್ಲಿಯವರೆಗೆ ಮೋಡೆಮ್‌ನ ಪ್ಲಗ್ ಕಿತ್ತಿಟ್ಟು, ಬೇಕಾದಾಗ ಕಾವಲುಗಾರರಿಗೆ ಫೋನ್ ಮಾಡಿ ಹಾಕಿಸಿಕೊಳ್ಳುತ್ತೇನೆ.