ಸಹಾಯ ಬೇಕು: ಕಾಲೇಜು ಚಾಪೆಲ್‌ನ ಪ್ರತಿಧ್ವನಿ ತಗ್ಗಿಸುವುದು ಹೇಗೆ?

ನಮ್ಮದು ಚಿಕ್ಕ ಕ್ರೈಸ್ತ ಕಾಲೇಜು. ಬೆಳಗಿನ ಪ್ರಾರ್ಥನೆ, ಗಾಯನವೃಂದದ ಅಭ್ಯಾಸ, ವಿದ್ಯಾರ್ಥಿ ಸಂಘದ ಸಭೆ ಎಲ್ಲಕ್ಕೂ ಒಂದೇ ಚಾಪೆಲ್. ಉದ್ದ 20 ಮೀಟರ್, ಅಗಲ 10, ಎತ್ತರ 7. ಗಾರೆ ಗೋಡೆ, ಕಲ್ಲಿನ ನೆಲ, ಮರದ ಬೆಂಚು. ಖಾಲಿ ಇದ್ದಾಗ ಬಲೂನು ಒಡೆದು ಅಳೆದರೆ ಅನುರಣನ (ಸದ್ದು ಅಡಗಲು ಹಿಡಿಯುವ ಕಾಲ) 3.2 ಸೆಕೆಂಡು. ಹಾಡಿಗೆ ಅದು ಚೆಂದವೇ. ಆದರೆ ಮಾತು ಒಂದರ ಮೇಲೊಂದು ಬಿದ್ದು, ಹಿಂದಿನ ಸಾಲಿಗೆ ವ್ಯಂಜನಗಳೇ ತಿಳಿಯುವುದಿಲ್ಲ. ಮೈಕಿನ ಸದ್ದು ಏರಿಸಿದರೆ ಪ್ರತಿಧ್ವನಿಯೂ ಅಷ್ಟೇ ಏರುತ್ತದೆ.

ಸೇಬಿನ್ ಸೂತ್ರದಂತೆ (0.161 × ಘನಗಾತ್ರ ÷ ಅನುರಣನ ಕಾಲ) ಚಾಪೆಲ್ ಈಗ ಸದ್ದು ಹೀರುವುದು ಸುಮಾರು 70 ಚದರ ಮೀಟರ್‌ನಷ್ಟು. 1.4 ಸೆಕೆಂಡಿಗೆ ಇಳಿಸಲು 161 ಬೇಕು. ಅಂದರೆ ಕೊರತೆ ಸುಮಾರು 91; ಫಲಕ ಸದ್ದನ್ನು ಪೂರ್ತಿ ಹೀರದ ಕಾರಣ, 50 ಮಿ.ಮೀ. ದಪ್ಪದ ರಾಕ್‌ವೂಲ್ (ಕಲ್ಲಿನ ನಾರಿನ) ಫಲಕ ಹತ್ತಿರಹತ್ತಿರ 100 ಚದರ ಮೀಟರ್. ತೆಳು ಫೋಮ್ ಬೇಡವೇ ಬೇಡ: ಮೇಲಿನ ಸ್ವರಗಳನ್ನಷ್ಟೇ ನುಂಗಿ ಕೆಳಸ್ವರದ ಗುಂಯ್‌ಗುಡುವಿಕೆ ಉಳಿಸುತ್ತದೆ, ಬೆಂಕಿಯ ಭಯ ಬೇರೆ.

ಇಂಥ ಕೆಲಸ ಮಾಡಿದವರು ತಿಳಿಸಿ: ವೇದಿಕೆಗೆ ಎದುರಿನ ಹಿಂಗೋಡೆಗೆ ಎಷ್ಟು, ಚಾವಣಿಗೆ ಎಷ್ಟು ಹಂಚಿದಿರಿ? ಕೆಳಸ್ವರಕ್ಕಾಗಿ ಗೋಡೆಯಿಂದ 50 ಮಿ.ಮೀ. ಸಂದು ಬಿಟ್ಟಾಗ ಅಲ್ಲಿ ತೇವ ಕೂರದಂತೆ ಏನು ಮಾಡಿದಿರಿ? ಮೊದಲು ಈಗಿನ ಸ್ಪೀಕರ್ ಬದಲು ಕಾಲಂ ಸ್ಪೀಕರ್ (ಸದ್ದನ್ನು ಜನರತ್ತ ಬೀರುವ ಕಂಬದಂಥ ಸ್ಪೀಕರ್) ಹಾಕಿದರೆ ಫಲಕ ಕಡಿಮೆ ಸಾಕಾಗುತ್ತದೆಯೇ?